ಎರಡು ಹಳೆಯದು ಸೇರಿದರೆ ಒಂದು ಹೊಸದಾಗುತ್ತದೆಯೇ?

ನಮ್ಮ ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಒಬ್ಬ ‘ಹಳ್ಳಿ ವಿಜ್ಞಾನಿ’ ಹುಟ್ಟುತ್ತಾನೆ. ಹಳೆ ಬೈಕಿನ ಎಂಜಿನ್‌ಗೆ ಔಷಧಿ ಸಿಂಪಡಿಸುವ ಪಂಪು ಕಟ್ಟಿದವನು, ಸೈಕಲ್ ಗಾಲಿಗೆ ಕಳೆ ಕೀಳುವ ಕುಡ ಜೋಡಿಸಿದವನು, ಹೊಲಿಗೆ ಯಂತ್ರದ ಮೋಟಾರಿನಿಂದ ಶೇಂಗಾ ಸುಲಿಯುವವನು. ಎರಡು ಕಾಲಂ ಸುದ್ದಿ, ಯಂತ್ರದ ಪಕ್ಕ ನಿಂತ ಫೋಟೊ, ‘ರೈತನ ಆವಿಷ್ಕಾರ’ ಎಂಬ ತಲೆಬರಹ. ಇಂಥ ಸುದ್ದಿಗಳನ್ನು ನಾನೂ ಬರೆದಿದ್ದೇನೆ, ನೀವೂ ಬರೆದಿರುತ್ತೀರಿ. ಓದುಗರಿಗೆ ಖುಷಿ, ಆ ಊರಿಗೆ ಹೆಮ್ಮೆ, ಸಂಪಾದಕರಿಗೆ ಒಂದು ‘ಪಾಸಿಟಿವ್ ಸ್ಟೋರಿ’.

ಆದರೆ ಆವಿಷ್ಕಾರ ಅನ್ನುವ ಪದವನ್ನು ನಾವು ಬಳಸುವ ರೀತಿ ಬೇರೆ, ಕಾನೂನು ಬಳಸುವ ರೀತಿ ಬೇರೆ. ಪೇಟೆಂಟ್ ಸಿಗಬೇಕಾದರೆ ವಸ್ತು ಹೊಸದಾಗಿರಬೇಕು, ಉಪಯೋಗಕ್ಕೆ ಬರಬೇಕು. ಇವೆರಡರ ಜೊತೆಗೆ ಮೂರನೆಯದೊಂದಿದೆ, ನಿಜವಾದ ಜಗಳವೆಲ್ಲ ಅಲ್ಲೇ: ಆ ಕಸುಬು ಬಲ್ಲವನಿಗೆ ಅದು ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆ ಇದನ್ನು ‘ಆವಿಷ್ಕಾರದ ಹೆಜ್ಜೆ’ ಎನ್ನುತ್ತದೆ. ಹಿಂದೆ ಇದ್ದ ಜ್ಞಾನಕ್ಕಿಂತ ತಾಂತ್ರಿಕವಾಗಿ ಒಂದು ಹೆಜ್ಜೆ ಮುಂದೆ ಇರಬೇಕು ಅಥವಾ ಆರ್ಥಿಕವಾಗಿ ಮಹತ್ವ ಇರಬೇಕು, ಜೊತೆಗೆ ಆ ಕಸುಬಿನವನಿಗೆ ‘ಇದೇನು ಮಹಾ’ ಅನ್ನಿಸುವಂತಿರಬಾರದು.

ಒಂದೇ ಹಳೆ ವಸ್ತುವನ್ನು ಪಕ್ಕದಲ್ಲಿಟ್ಟು ಹೋಲಿಸುವುದು ಸುಲಭ. ಎರಡೂ ಒಂದೇ ಆದರೆ ಹೊಸದಲ್ಲ, ಮುಗಿಯಿತು. ಕಷ್ಟ ಬರುವುದು ಹಳೆಯ ಎರಡು ಮೂರು ವಸ್ತುಗಳನ್ನು ಸೇರಿಸಿ ಒಬ್ಬರು ಒಂದು ಯಂತ್ರ ಮಾಡಿದಾಗ. ಒಂದೊಂದು ಭಾಗವೂ ಹಳೆಯದು, ಕೂಡಿಕೆ ಮಾತ್ರ ಹೊಸದು. ಅದು ಆವಿಷ್ಕಾರವೋ, ಬರೀ ಜೋಡಣೆಯೋ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ತಾಲ್ಲೂಕಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡು ಕೃಷಿ ಸಲಕರಣೆ ಮಾಡುವ ಒಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕಾ, ನನಗೂ ಕಾಕಾ. ಅವರಿಗೆ ಹೊರರಾಜ್ಯದ ಒಂದು ಕಂಪನಿಯ ವಕೀಲರಿಂದ ನೋಟಿಸ್ ಬಂತು. ‘ನೀವು ಮಾಡಿ ಮಾರುತ್ತಿರುವ ಸಲಕರಣೆ ನಮ್ಮ ಪೇಟೆಂಟ್‌ನಲ್ಲಿದೆ, ತಯಾರಿಕೆ ನಿಲ್ಲಿಸಿ, ಈವರೆಗೆ ಮಾರಿದ್ದರ ಲೆಕ್ಕ ಕೊಡಿ’ ಎಂದಿತ್ತು. ಇಂಗ್ಲಿಷಿನ ಏಳು ಪುಟ. ಕಾಕಾ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ನನ್ನ ಮುಂದೆ ಇಟ್ಟರು. “ನೋಡವಾ ತಂಗಿ, ಇದರಾಗ ಏನ್ ಬರದಾರ ಹೇಳು. ಅಂಗಡಿ ಮುಚ್ಚಬೇಕೇನು?”

ಸಲಕರಣೆ ಇಷ್ಟೇ. ಗೋವಿನಜೋಳ, ಹತ್ತಿ ಸಾಲುಗಳ ನಡುವೆ ಕಳೆ ತೆಗೆಯುವ ಎಡೆಕುಂಟೆ. ಅದರ ಮೇಲೆ ಮೇಲುಗೊಬ್ಬರಕ್ಕೆ ಒಂದು ತಗಡಿನ ಡಬ್ಬಿ. ಡಬ್ಬಿಯಿಂದ ಕೆಳಗೆ ಕೊಳವೆ. ನೆಲದ ಮೇಲೆ ಉರುಳುವ ಒಂದು ಸಣ್ಣ ಗಾಲಿ, ಆ ಗಾಲಿಯಿಂದ ಚೈನು, ಚೈನಿನಿಂದ ಡಬ್ಬಿಯ ತಳದಲ್ಲಿ ತಿರುಗುವ ಹಲ್ಲಿನ ಉರುಳೆ. ಎಷ್ಟು ದೂರ ನಡೆದರೆ ಅಷ್ಟೇ ಗೊಬ್ಬರ ಬೀಳುತ್ತದೆ. ಕಳೆ ತೆಗೆಯುವುದು, ಗೊಬ್ಬರ ಹಾಕುವುದು ಒಂದೇ ಸಲಕ್ಕೆ.

“ಎಡೆಕುಂಟಿ ನಮ್ಮಜ್ಜನ ಕಾಲದ್ದು. ಕೊಳವಿ ಕೂರಿಗ್ಯಾಗ ಐತಿ. ಗಾಲಿ, ಚೈನು ಟ್ರ್ಯಾಕ್ಟರ್ ಬಿತ್ತೋ ಮಶಿನಿನ್ಯಾಗ ಐತಿ. ಇದರಾಗ ಅವರದು ಹೊಸಾದು ಏನೈತಿ?” ಎಂದರು ಕಾಕಾ.

ಮಾತು ನ್ಯಾಯವಾಗಿಯೇ ಇದೆ ಅನ್ನಿಸುತ್ತದೆ. ಆದರೆ ಈ ವಾದವನ್ನು ಹಾಗೇ ಎಳೆದರೆ ಜಗತ್ತಿನಲ್ಲಿ ಯಾವ ಆವಿಷ್ಕಾರವೂ ಉಳಿಯುವುದಿಲ್ಲ. ಬೀಸುವ ಕಲ್ಲು, ಗಾಲಿ, ಮೊಳೆ, ಸ್ಪ್ರಿಂಗು, ಸನ್ನೆಗೋಲು ಎಲ್ಲವೂ ಹಳೆಯವೇ. ಕೂರಿಗೆಯನ್ನೇ ನೋಡಿ: ನೆಲ ಸೀಳುವ ಕಬ್ಬಿಣದ ಮೊನೆ ಹಳೆಯದು, ಬಿದಿರಿನ ಕೊಳವೆ ಹಳೆಯದು, ತೂತಿನ ಬಟ್ಟಲು ಹಳೆಯದು. ಮೂರನ್ನೂ ಕೂಡಿಸಿ, ಬಟ್ಟಲಿಗೆ ಬಿಟ್ಟ ಕಾಳು ಸಮವಾಗಿ ಸಾಲಿನೊಳಗೆ ಇಳಿಯುವಂತೆ ಮಾಡಿದ ಆ ಹೆಸರಿಲ್ಲದ ಬಡಿಗನನ್ನು ‘ಬರೀ ಜೋಡಿಸಿದವನು’ ಎಂದು ತಳ್ಳಿಹಾಕಲಾದೀತೇ? ಭಾಗಗಳು ಹಳೆಯವು ಎಂದ ಮಾತ್ರಕ್ಕೆ ಕೂಡಿಕೆ ಹಳೆಯದಾಗುವುದಿಲ್ಲ. ಹಾಗಾದರೆ ಅಳತೆ ಯಾವುದು?

ಹುಡುಕುತ್ತ ಹೋದಾಗ ನನಗೆ ಸಿಕ್ಕ ತೀರ್ಪುಗಳು ದೊಡ್ಡ ಔಷಧಿ ಕಂಪನಿಗಳದ್ದಲ್ಲ. ಪಾತ್ರೆ ಮಾಡುವವರದ್ದು, ಸಗಣಿ ತೊಳೆಯುವವರದ್ದು, ನೇಗಿಲು ಕಟ್ಟುವವರದ್ದು. ಗ್ರಾಮೀಣ ಪತ್ರಿಕೋದ್ಯಮ ಓದಿದ ನಮಗೆ ಇದಕ್ಕಿಂತ ಹತ್ತಿರದ ವಿಷಯ ಬೇರೆ ಬೇಕೆ?

ಮೊದಲನೆಯದು ನಮ್ಮ ಸುಪ್ರೀಂ ಕೋರ್ಟಿನದೇ. ಉತ್ತರಪ್ರದೇಶದ ಮಿರ್ಜಾಪುರ ಹಿತ್ತಾಳೆ ಪಾತ್ರೆಗೆ ಹೆಸರಾದ ಊರು. ಅಚ್ಚಿನಿಂದ ಬಂದ ಪಾತ್ರೆಯನ್ನು ಲೇತ್‌ಗೆ ಹಾಕಿ ತಿರುಗಿಸಿ, ಕೆರೆದು, ನಯ ಮಾಡಬೇಕು. ಹಳೆ ಪದ್ಧತಿಯಲ್ಲಿ ಪಾತ್ರೆಯನ್ನು ಲೇತಿನ ಒಂದು ಬದಿಗೆ, ಅಂದರೆ ಹೆಡ್‌ಸ್ಟಾಕ್‌ಗೆ ಮಾತ್ರ ಸಿಕ್ಕಿಸುತ್ತಿದ್ದರು. ತಿರುಗುವ ವೇಗಕ್ಕೆ ಪಾತ್ರೆ ಕಳಚಿ ಹಾರಿ ಕೆಲಸಗಾರರಿಗೆ ಬಡಿಯುವ ಅಪಾಯವಿತ್ತು. ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಪಾಲುದಾರಿಕೆ ಸಂಸ್ಥೆ, ಇನ್ನೊಂದು ಬದಿಯಿಂದಲೂ ಪಾತ್ರೆಯನ್ನು ಒತ್ತಿ ಹಿಡಿಯುವ ಸಾಧನ ಸೇರಿಸಿ 1951ರಿಂದ ಅನ್ವಯವಾಗುವಂತೆ ಪೇಟೆಂಟ್ ಪಡೆಯಿತು. ಅದೇ ಊರಿನ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಸಂಸ್ಥೆ ಅದೇ ವಿಧಾನ ಬಳಸುತ್ತಿದೆ ಎಂದು ಮೊಕದ್ದಮೆ ಹೂಡಿತು. ಎದುರಿನವರು ‘ಈ ಪೇಟೆಂಟೇ ರದ್ದಾಗಬೇಕು’ ಎಂದರು.

ಅಲಹಾಬಾದ್ ಹೈಕೋರ್ಟಿನ ಏಕಸದಸ್ಯ ಪೀಠ ಪೇಟೆಂಟ್ ರದ್ದು ಮಾಡಿತು, ವಿಭಾಗೀಯ ಪೀಠ ಉಳಿಸಿತು, ಕೊನೆಗೆ 1978ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ರದ್ದು ಮಾಡಿತು. ನ್ಯಾಯಮೂರ್ತಿ ಸರ್ಕಾರಿಯಾ ಬರೆದ ತೀರ್ಪಿನ ತಿರುಳು ಇದು: ಹಳೆಯ ಭಾಗಗಳ ಕೂಡಿಕೆಗೂ ಪೇಟೆಂಟ್ ಸಿಗಬಹುದು, ಆದರೆ ಆ ಭಾಗಗಳು ಒಂದರೊಡನೊಂದು ಕೆಲಸ ಮಾಡಿ ಹೊಸ ಫಲವನ್ನೋ, ಹೊಸ ವಸ್ತುವನ್ನೋ, ಮೊದಲಿಗಿಂತ ಉತ್ತಮವಾದ ಅಥವಾ ಅಗ್ಗದ ವಸ್ತುವನ್ನೋ ಕೊಡಬೇಕು. ಸುಮ್ಮನೆ ಗುಡ್ಡೆ ಹಾಕಿದರೆ ಸಾಲದು. ಜೊತೆಗೆ ಅದು ಕಾರ್ಖಾನೆಯೊಳಗೆ ದಿನನಿತ್ಯ ಆಗುವ ಸುಧಾರಣೆಗಿಂತ ಹೆಚ್ಚಿನದಾಗಿರಬೇಕು. ಲೇತಿನ ಎರಡನೇ ಬದಿಯಿಂದ ಆಧಾರ ಕೊಡುವ ಟೇಲ್‌ಸ್ಟಾಕ್ ದಶಕಗಳಿಂದ ಬಳಕೆಯಲ್ಲಿತ್ತು, ಅದನ್ನು ಸ್ವಲ್ಪ ಬದಲಿಸಿ ಪಾತ್ರೆಗೆ ಹಚ್ಚುವುದು ಒಬ್ಬ ಕಸುಬುದಾರನ ಶಕ್ತಿಗೆ ಮೀರಿದ್ದೇನಲ್ಲ ಎಂದಿತು ಕೋರ್ಟು.

ಅಳೆಯುವ ರೀತಿಯನ್ನೂ ಹೇಳಿತು. ಪೇಟೆಂಟಿನ ಅರ್ಜಿ ಹಾಕಿದ ದಿನ ಆ ಕಸುಬಿನಲ್ಲಿ ಎಲ್ಲರಿಗೂ ತಿಳಿದಿದ್ದಷ್ಟನ್ನು ತಿಳಿದ ಒಬ್ಬ ಸಮರ್ಥ ಕಸುಬುದಾರನನ್ನು ಕಲ್ಪಿಸಿಕೊಳ್ಳಿ. ಅವನ ಎದುರು ಅದೇ ಸಮಸ್ಯೆ ಇದೆ, ಆದರೆ ಪೇಟೆಂಟಿನ ಉತ್ತರ ಅವನಿಗೆ ಗೊತ್ತಿಲ್ಲ. ಅವನ ಕೈಗೆ ಹಳೆಯ ದಾಖಲೆ ಕೊಟ್ಟರೆ ‘ನನಗೆ ಬೇಕಾದದ್ದು ಇದೇ’ ಅನ್ನುತ್ತಾನೆಯೇ? ಅಂದರೆ ಅದು ಸಹಜ, ಪೇಟೆಂಟ್ ಇಲ್ಲ.

ಎರಡನೆಯದು ಅಮೆರಿಕದ್ದು, 1976ರದು. ಹೈನುಕೊಟ್ಟಿಗೆಯ ಸಗಣಿ ತೊಳೆಯುವ ವಿಷಯ! ಆಗ್ ಪ್ರೊ ಎಂಬ ಕಂಪನಿಯ ಬಳಿ ಒಂದು ಪೇಟೆಂಟ್ ಇತ್ತು. ಇಳಿಜಾರಾದ ನಯವಾದ ಕಾಂಕ್ರೀಟ್ ನೆಲ, ಮೇಲ್ಗಡೆ ನೀರಿನ ಸಂಗ್ರಹ, ಅದನ್ನು ಒಮ್ಮೆಲೇ ಬಿಟ್ಟಾಗ ಹಾಳೆಯಂತೆ ಹರಿದು ಬಂದು ಸಗಣಿಯನ್ನೆಲ್ಲ ಚರಂಡಿಗೆ ಕೊಂಡೊಯ್ಯುವ ನೀರು. ಸಲಿಕೆ ಬೇಡ, ಪೈಪು ಹಿಡಿದು ನಿಲ್ಲುವುದು ಬೇಡ. ಪೇಟೆಂಟಿನಲ್ಲಿದ್ದ ಹದಿಮೂರು ಅಂಶಗಳೂ ಹಳೆಯವೇ ಆಗಿದ್ದವು. ಸಕ್ರೈದಾ ಎಂಬುವರ ವಿರುದ್ಧ ಕಂಪನಿ ಹೂಡಿದ್ದ ದಾವೆ ಮೇಲಿನ ಕೋರ್ಟಿನವರೆಗೆ ಹೋಯಿತು.

ಅಮೆರಿಕದ ಸುಪ್ರೀಂ ಕೋರ್ಟ್ ಪೇಟೆಂಟನ್ನು ಒಪ್ಪಲಿಲ್ಲ. ಹರಿಯುವ ನೀರಿನಿಂದ ಕೊಟ್ಟಿಗೆ ತೊಳೆಯುವುದು ಪುರಾತನ ಕಾಲದ ಸಂಗತಿ ಎನ್ನುತ್ತ ಗ್ರೀಕ್ ಪುರಾಣದ ಹರ್ಕ್ಯುಲಿಸ್ ನದಿ ತಿರುಗಿಸಿ ರಾಜನ ಲಾಯ ತೊಳೆದ ಕತೆಯನ್ನೂ ಅಡಿಟಿಪ್ಪಣಿಯಲ್ಲಿ ನೆನಪಿಸಿತು. ಆಳಿನ ಖರ್ಚು ಉಳಿಯುತ್ತದೆ, ಕೆಲಸ ಚೆನ್ನಾಗಿ ಆಗುತ್ತದೆ ಎಂಬುದನ್ನು ಕೋರ್ಟ್ ಅಲ್ಲಗಳೆಯಲಿಲ್ಲ. ಆದರೆ ಪ್ರತಿ ಭಾಗವೂ ತಾನು ಮೊದಲಿನಿಂದ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿಯೂ ಮಾಡುತ್ತಿದೆ, ಕೂಡಿದ್ದರಿಂದ ಬೇರೆಯೇ ಒಂದು ಗುಣ ಹುಟ್ಟಲಿಲ್ಲ ಎಂದಿತು.

ನಮ್ಮ ಕಾಯ್ದೆಯ 3ನೇ ಸೆಕ್ಷನ್‌ನ ಎಫ್ ಉಪವಿಧಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಗೊತ್ತಿರುವ ಸಾಧನಗಳು ಒಂದಕ್ಕೊಂದು ಸಂಬಂಧವಿಲ್ಲದೆ, ತಮಗೆ ಗೊತ್ತಿದ್ದ ರೀತಿಯಲ್ಲೇ ಕೆಲಸ ಮಾಡುತ್ತಿದ್ದರೆ, ಅವುಗಳನ್ನು ಸುಮ್ಮನೆ ಜೋಡಿಸಿದ್ದು ಆವಿಷ್ಕಾರವಲ್ಲ.

ಮೂರನೆಯದು ನೇಗಿಲಿನ ಕತೆ. 1966ರ ಗ್ರಹಾಮ್ ಮತ್ತು ಜಾನ್ ಡೀರ್ ಪ್ರಕರಣ. ಕಲ್ಲು ನೆಲದಲ್ಲಿ ಉಳುವಾಗ ನೇಗಿಲಿನ ಉಕ್ಕಿನ ಕಾಲು ಕಲ್ಲಿಗೆ ಬಡಿದು ಮುರಿಯುತ್ತಿತ್ತು. ಗ್ರಹಾಮ್ ಅದಕ್ಕೊಂದು ಸ್ಪ್ರಿಂಗಿನ ಹಿಡಿಕೆ ಮಾಡಿದರು, ಕಲ್ಲು ಸಿಕ್ಕರೆ ಕಾಲು ಮೇಲೆದ್ದು ದಾಟಿ ಮತ್ತೆ ಕೆಳಗಿಳಿಯುತ್ತಿತ್ತು. ಅದರಲ್ಲಿ ತಿಕ್ಕಾಟದ ಸವೆತ ಕಂಡು, ಆಮೇಲಿನ ಪೇಟೆಂಟಿನಲ್ಲಿ ಕಾಲನ್ನು ತಟ್ಟೆಯ ಮೇಲಿನಿಂದ ಕೆಳಗೆ ಬದಲಿಸಿದರು. ಹೀಗೆ ಬದಲಿಸಿದ್ದರಿಂದ ಇಡೀ ಕಾಲು ಬಾಗುವ ಶಕ್ತಿ ಹೆಚ್ಚಿತು ಎಂಬುದು ಅವರ ವಾದ. ಕೋರ್ಟ್ ಹೇಳಿತು: ಆ ಅನುಕೂಲವನ್ನು ಪೇಟೆಂಟ್ ಕಚೇರಿಯ ಮುಂದೆ ನೀವು ಹೇಳಿಯೇ ಇಲ್ಲ, ಇನ್ನು ಮೇಲಿದ್ದದ್ದನ್ನು ಕೆಳಗಿಡುವುದು ಕಸುಬು ಬಲ್ಲವನಿಗೆ ಕಾಣುವಂಥದ್ದೇ. ಕೂಡಿಕೆಯನ್ನು ಅಳೆಯುವ ಕ್ರಮವನ್ನೂ ಅದು ಅಂದೇ ಹಾಕಿಕೊಟ್ಟಿತು: ಹಿಂದೆ ಏನಿತ್ತು, ಈಗಿನದಕ್ಕೂ ಅದಕ್ಕೂ ಇರುವ ವ್ಯತ್ಯಾಸ ಏನು, ಆ ಕಸುಬಿನವರ ಸಾಮಾನ್ಯ ಮಟ್ಟ ಎಷ್ಟು. ಇದರ ಜೊತೆಗೆ, ಮಾರುಕಟ್ಟೆಯಲ್ಲಿ ಗೆದ್ದಿತೇ, ಬಹುಕಾಲದಿಂದ ಕಾಡಿದ ಕೊರತೆ ತೀರಿತೇ, ಬೇರೆಯವರು ಪ್ರಯತ್ನಿಸಿ ಸೋತಿದ್ದರೇ ಎಂಬ ಸುತ್ತಲಿನ ಸಾಕ್ಷ್ಯ.

ಮೂರೂ ಕತೆಯಲ್ಲಿ ಪೇಟೆಂಟ್ ಬಿದ್ದುಹೋಯಿತು ಎಂದು ಕೂಡಿಕೆಗಳೆಲ್ಲ ಬಿದ್ದುಹೋಗುತ್ತವೆ ಅಂದುಕೊಳ್ಳಬೇಡಿ. ಗ್ರಹಾಮ್ ತೀರ್ಪು ಬಂದ ದಿನವೇ ಅದೇ ಕೋರ್ಟ್ ಆಡಮ್ಸ್ ಎಂಬುವರ ಬ್ಯಾಟರಿ ಪೇಟೆಂಟನ್ನು ಎತ್ತಿಹಿಡಿಯಿತು. ಒಂದು ಬದಿಗೆ ಮೆಗ್ನೀಸಿಯಂ, ಇನ್ನೊಂದು ಬದಿಗೆ ಕ್ಯುಪ್ರಸ್ ಕ್ಲೋರೈಡ್, ನಡುವೆ ಬರೀ ನೀರು. ಎರಡು ವಸ್ತುವೂ ಬ್ಯಾಟರಿಯವರಿಗೆ ಗೊತ್ತಿದ್ದವೇ. ಆದರೆ ಆಗಿನ ತಿಳಿವಳಿಕೆ ‘ಆ ದಾರಿಗೆ ಹೋಗಬೇಡ’ ಅನ್ನುತ್ತಿತ್ತು. ನೀರು ಹಾಕಿದರೆ ನಡೆಯುವ ಬ್ಯಾಟರಿಗಳಲ್ಲಿ ಬಳಸುತ್ತಿದ್ದ ದ್ರಾವಣಗಳು ಮೆಗ್ನೀಸಿಯಂಗೆ ಆಗಿಬರುತ್ತಿರಲಿಲ್ಲ, ಬಳಸುವಾಗ ಬಿಸಿಯಾಗುವ, ನಿಲ್ಲಿಸಲಾಗದ ಬ್ಯಾಟರಿ ಉಪಯೋಗಕ್ಕೆ ಬಾರದ್ದು ಎಂದೇ ನಂಬಿಕೆ. ಸರ್ಕಾರದ ತಜ್ಞರೇ ಮೊದಲು ನಂಬಲಿಲ್ಲ, ಆಮೇಲೆ ಸೇನೆಗೆ ಅದನ್ನೇ ಬಳಸಿಕೊಂಡರು. ತಿಳಿದವರೆಲ್ಲ ಬೇಡ ಅಂದ ಕಡೆ ಹೋಗಿ, ಯಾರೂ ನಿರೀಕ್ಷಿಸದ ಫಲ ತಂದದ್ದು ಸಹಜವಾಗಿ ಹೊಳೆಯುವಂಥದ್ದಲ್ಲ.

ಇಷ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅಳತೆ ಸ್ವಲ್ಪ ಕೈಗೆ ಸಿಕ್ಕಿತು. ಭಾಗ ಹಳೆಯದೋ ಹೊಸದೋ ಎಂದು ಕೇಳುತ್ತ ಕೂರುವುದಲ್ಲ, ಕೂಡಿಸಲು ಕಾರಣ ಎಲ್ಲಿಂದ ಬಂತು ಎಂದು ಕೇಳಬೇಕು. ಆ ಸಮಸ್ಯೆ ಎದುರಾದ ಕಸುಬುದಾರ ಸಹಜವಾಗಿ ಈ ಎರಡನ್ನೂ ಕೈಗೆತ್ತಿಕೊಳ್ಳುತ್ತಿದ್ದನೇ? ಕೂಡಿಸಿದರೆ ಏನಾಗುತ್ತದೆ ಎಂಬುದು ಅವನಿಗೆ ಮೊದಲೇ ಗೊತ್ತಿತ್ತೇ? ಕೂಡಿದ ಮೇಲೆ ಭಾಗಗಳು ತಮ್ಮ ಪಾಡಿಗೆ ತಾವಿವೆಯೇ, ಇಲ್ಲಾ ಒಂದು ಇನ್ನೊಂದರ ಕೆಲಸ ಬದಲಿಸುತ್ತದೆಯೇ?

ಇಲ್ಲಿ ಒಂದು ಬಲೆ ಇದೆ. ಉತ್ತರ ನೋಡಿದ ಮೇಲೆ ಎಲ್ಲ ಲೆಕ್ಕವೂ ಸುಲಭ. ಒಗಟು ಬಿಡಿಸಿದ ಮೇಲೆ ‘ಅಯ್ಯೋ, ಇಷ್ಟೇನಾ’ ಅನ್ನುವಂತೆ. ಅದಕ್ಕೇ ದೆಹಲಿ ಹೈಕೋರ್ಟ್ 2015ರ ರೋಶ್ ಮತ್ತು ಸಿಪ್ಲಾ ಪ್ರಕರಣದಲ್ಲಿ ಹಂತ ಹಂತವಾಗಿ ನೋಡಿ ಎಂದಿತು: ಆ ಕಸುಬುದಾರ ಯಾರು, ಪೇಟೆಂಟಿನ ಮುಖ್ಯ ಕಲ್ಪನೆ ಏನು, ಆ ದಿನಾಂಕಕ್ಕೆ ಎಲ್ಲರಿಗೂ ಏನು ಗೊತ್ತಿತ್ತು, ವ್ಯತ್ಯಾಸ ಯಾವುದು, ಉತ್ತರ ಗೊತ್ತಿಲ್ಲದವನಿಗೆ ಆ ವ್ಯತ್ಯಾಸ ಹೊಳೆಯುತ್ತಿತ್ತೇ. ಇನ್ನೊಂದು ಬದಿಯ ಎಚ್ಚರಿಕೆ ಅಮೆರಿಕದ 2007ರ ಕೆಎಸ್‌ಆರ್ ತೀರ್ಪಿನಲ್ಲಿದೆ. ಕಾರಿನ ಆಕ್ಸಿಲರೇಟರ್ ಪೆಡಲಿಗೆ ಎಲೆಕ್ಟ್ರಾನಿಕ್ ಸೆನ್ಸರ್ ಸೇರಿಸಿದ ಪೇಟೆಂಟ್ ಅದು. ‘ಇವೆರಡನ್ನು ಕೂಡಿಸಿ’ ಎಂದು ಯಾವುದೋ ಹಳೆ ಕಾಗದದಲ್ಲಿ ಬರೆದಿರಲೇಬೇಕು ಎಂದು ಹಟ ಹಿಡಿಯಬೇಡಿ, ಸಾಧಾರಣ ಕಸುಬುದಾರನೂ ಯಂತ್ರದ ಬೊಂಬೆಯಲ್ಲ, ಅವನಿಗೂ ಸಾಮಾನ್ಯ ಬುದ್ಧಿ, ಕಲ್ಪನೆ ಇರುತ್ತದೆ ಎಂದು ಕೋರ್ಟ್ ಹೇಳಿ ಆ ಪೇಟೆಂಟನ್ನು ಕೆಡವಿತು.

ಈಗ ಕಾಕಾನ ಎಡೆಕುಂಟೆಗೆ ಬರೋಣ.

ಅವರು ಮೊದಲು ಮಾಡಿದ್ದು ಗಾಲಿ, ಚೈನು ಇಲ್ಲದ ಎಡೆಕುಂಟೆ. ಡಬ್ಬಿ ಇತ್ತು, ಕೊಳವೆ ಇತ್ತು, ಗೊಬ್ಬರ ಬಿಡಲು ಕೈಯಲ್ಲಿ ಎಳೆಯುವ ಸಣ್ಣ ಪಟ್ಟಿ ಇತ್ತು. ಕಂಪನಿ ಅರ್ಜಿ ಹಾಕುವ ಮುಂಚೆಯೇ ಅವನ್ನು ಮಾರಿದ್ದರು. ಗಾಲಿ ಸೇರಿಸಿದ್ದು ಆಮೇಲೆ. ಹಾಗಾಗಿ ‘ಇದೇ ವಸ್ತು ಮೊದಲೇ ಇತ್ತು’ ಎಂದು ಒಂದೇ ಏಟಿಗೆ ಮುಗಿಸುವಂತಿಲ್ಲ. ಪ್ರಶ್ನೆ ಇದು: ಕೈಪಟ್ಟಿಯ ಹಳೆ ಎಡೆಕುಂಟೆಗೆ ಬಿತ್ತನೆ ಯಂತ್ರದ ಗಾಲಿ ಚೈನು ಸೇರಿಸುವುದು ಸಹಜವೇ?

ನನ್ನ ಲೆಕ್ಕದಲ್ಲಿ, ಹೌದು. ಕೈಪಟ್ಟಿಯ ತೊಂದರೆ ಎಲ್ಲರಿಗೂ ಗೊತ್ತಿತ್ತು: ಎತ್ತು ನಿಧಾನವಾದರೆ ಗೊಬ್ಬರ ಒಂದೇ ಕಡೆ ಸುರಿಯುತ್ತದೆ, ಜೋರಾದರೆ ಗಿಡಕ್ಕೆ ಸಿಗುವುದಿಲ್ಲ. ಇದೇ ತೊಂದರೆಗೆ ಬಿತ್ತನೆ ಯಂತ್ರದಲ್ಲಿ ನೆಲದ ಗಾಲಿಯ ಉತ್ತರ ಆಗಲೇ ಇತ್ತು. ರಿಪೇರಿಗೆ ಬಿತ್ತನೆ ಯಂತ್ರ ಬಿಚ್ಚಿ ಕಟ್ಟುವ ಯಾವ ಮೇಸ್ತ್ರಿಯೂ ಅತ್ತ ನೋಡದೆ ಇರುವುದಿಲ್ಲ. ಫಲವೂ ನಿರೀಕ್ಷಿಸಿದ್ದೇ. ಸಾಲಿನ ತುದಿಯಲ್ಲಿ ಎತ್ತಿದಾಗ ಗಾಲಿ ನೆಲ ಬಿಟ್ಟು ಗೊಬ್ಬರ ನಿಲ್ಲುವುದನ್ನು ಕಂಪನಿ ತನ್ನ ಕ್ಲೇಮ್‌ನಲ್ಲಿ ವಿಶೇಷವಾಗಿ ಹೇಳಿಕೊಂಡಿತ್ತು. ಬಿತ್ತನೆ ಯಂತ್ರ ಎತ್ತಿದಾಗಲೂ ಆಗುವುದು ಅದೇ.

ಆದರೆ ಕ್ಲೇಮ್‌ನಲ್ಲಿ ಇನ್ನೊಂದು ಸಾಲಿತ್ತು. ಕೊಳವೆಯ ಬಾಯಿ ಕುಡದ ಹಿಂಬದಿಗೆ ಇಂತಿಷ್ಟು ಅಂತರದಲ್ಲಿರುತ್ತದೆ, ಕುಡ ಎಬ್ಬಿಸಿದ ಮಣ್ಣು ಗೊಬ್ಬರದ ಮೇಲೆ ತಾನಾಗಿ ಬಿದ್ದು ಮುಚ್ಚುತ್ತದೆ ಎಂದು. ಇದನ್ನು ಓದಿ ನಾನು ನಿಂತೆ. ಕಳೆ ತೆಗೆಯುವ ಭಾಗವೇ ಇಲ್ಲಿ ಗೊಬ್ಬರ ಮುಚ್ಚುವ ಕೆಲಸವನ್ನೂ ಮಾಡುತ್ತಿದೆ. ಒಂದರ ಕೆಲಸ ಇನ್ನೊಂದಕ್ಕೆ ಒದಗುತ್ತಿದೆ. ಯೂರಿಯಾ ಬಿಸಿಲಿಗೆ ತೆರೆದುಬಿದ್ದರೆ ಅದರ ಸತ್ವ ಗಾಳಿಗೆ ಹೋಗುತ್ತದೆ, ಮಣ್ಣಿನಡಿ ಇದ್ದರೆ ಬೆಳೆಗೆ ಸಿಗುತ್ತದೆ. ಗೊಬ್ಬರ ಹಾಕಿ ಮೇಲೆ ಎಡೆ ಹೊಡೆದು ಮುಚ್ಚುವುದು ನಮ್ಮ ರೈತರಿಗೆ ಹಳೆಯದು, ನಿಜ. ಅದನ್ನು ಒಂದೇ ಓಟದಲ್ಲಿ ಸಾಧಿಸಿದ್ದು ಮೇಸ್ತ್ರಿಯ ಸಹಜ ಬುದ್ಧಿಯೋ, ಅದಕ್ಕಿಂತ ಒಂದು ಹೆಜ್ಜೆ ಮುಂದೋ? ಎರಡೂ ಬದಿಯಿಂದ ವಾದ ಮಾಡಬಹುದು.

“ನಿಮ್ಮ ಮೊದಲಿನ ಕುಂಟ್ಯಾಗ ಕೊಳವಿ ಹಿಂದ ಇತ್ತೋ, ಮುಂದ ಇತ್ತೋ ಕಾಕಾ?”

“ಹಿಂದನ ಇತ್ತು. ಮುಂದ ಇಟ್ರ ಕುಡಕ್ಕ ಗೊಬ್ಬರ ಸಿಕ್ಕೊಂಡು ತುಕ್ಕು ಹಿಡಿತೈತಿ.”

ಮಾತಿಗೆ ಸಾಕ್ಷಿ ಬೇಕಲ್ಲ. ಕಾಕಾನ ಅಂಗಡಿಯಲ್ಲಿ ಬಿಲ್ ಪುಸ್ತಕ ಇದೆ, ಅದರಲ್ಲಿ ‘ಡಬ್ಬಿ ಕುಂಟಿ 1’ ಎಂದಷ್ಟೇ ಬರೆದಿದೆ. ಡ್ರಾಯಿಂಗ್ ಇಲ್ಲ, ಅಳತೆ ಇಲ್ಲ. ಕೊಂಡ ರೈತರನ್ನು ಹುಡುಕಿಕೊಂಡು ಎರಡು ಭಾನುವಾರ ಅಲೆದೆವು. ಒಬ್ಬರು ಕುಂಟೆಯನ್ನು ಗುಜರಿಗೆ ಹಾಕಿದ್ದರು. ಇನ್ನೊಬ್ಬರ ಹಿತ್ತಲಲ್ಲಿ ಅದು ಸಿಕ್ಕಿತು, ಆದರೆ ಕೊಳವೆ ಬದಲಾಗಿತ್ತು. ಮೂರನೆಯವರ ಮಗನ ಹಳೆ ಫೋನಿನಲ್ಲಿ ಒಂದು ಫೋಟೊ ಇತ್ತು, ದಿನಾಂಕ ಸಮೇತ. ಹೊಲದಲ್ಲಿ ನಿಂತ ಎತ್ತುಗಳು, ಹಿಂದೆ ಕುಂಟೆ, ಕುಡದ ಹಿಂಭಾಗದಲ್ಲಿ ಕೊಳವೆಯ ತುದಿ. ಮಸುಕಾಗಿದ್ದರೂ ಕಾಣುತ್ತದೆ. ಆ ಒಂದು ಫೋಟೊ ಹಿಡಿದು ವಕೀಲರ ಬಳಿ ಹೋದೆವು.

ವಕೀಲರು ವಿವರಿಸಿದ ಮೇಲೆ ಕಾಕಾನಿಗೂ ಸ್ವಲ್ಪ ಧೈರ್ಯ ಬಂತು. ಪೇಟೆಂಟ್ ಸಿಕ್ಕಿದೆ ಎಂದ ಮಾತ್ರಕ್ಕೆ ಅದು ಕಲ್ಲಿನ ಮೇಲಿನ ಬರಹವಲ್ಲ. ದಾವೆ ಹೂಡಿದರೆ ‘ಈ ಪೇಟೆಂಟೇ ನಿಲ್ಲುವಂಥದ್ದಲ್ಲ, ಇದು ಸಹಜವಾಗಿ ಹೊಳೆಯುವಂಥದ್ದು’ ಎಂಬುದನ್ನೇ ಪ್ರತಿವಾದವಾಗಿ ಇಡಲು ಕಾಯ್ದೆಯ 107ನೇ ಸೆಕ್ಷನ್ ಬಿಡುತ್ತದೆ. ಆಧಾರವಿಲ್ಲದೆ ಬೆದರಿಸಿದರೆ 106ನೇ ಸೆಕ್ಷನ್ ಅಡಿ ನಾವೇ ಕೋರ್ಟಿಗೆ ಹೋಗಬಹುದು. ಪೇಟೆಂಟ್ ಮಂಜೂರಾಗುವ ಮುಂಚೆ ಅರ್ಜಿ ಪ್ರಕಟವಾದಾಗ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು, ಮಂಜೂರಾದದ್ದು ಪ್ರಕಟವಾದ ಒಂದು ವರ್ಷದೊಳಗೆ ಸಂಬಂಧಪಟ್ಟವರು ಆಕ್ಷೇಪಿಸಬಹುದು. ಆದರೆ ಆ ಪ್ರಕಟಣೆಯನ್ನು ತಾಲ್ಲೂಕಿನ ವೆಲ್ಡಿಂಗ್ ಅಂಗಡಿಯಲ್ಲಿ ಕೂತವರು ಯಾರು ಓದುತ್ತಾರೆ? ಉತ್ತರ ಕಳಿಸಿದ್ದೇವೆ. ಇದನ್ನು ಬರೆಯುವವರೆಗೆ ಆ ಕಡೆಯಿಂದ ಮಾತಿಲ್ಲ. ಕಾಕಾ ಕುಂಟೆ ಮಾಡುವುದನ್ನು ನಿಲ್ಲಿಸಿಲ್ಲ, ಆದರೆ ಈಗ ಒಂದೊಂದನ್ನೂ ಅಳುಕುತ್ತಲೇ ಮಾರುತ್ತಾರೆ.

ಈ ಓಡಾಟದಲ್ಲಿ ನನ್ನನ್ನು ಬಿಡದೆ ಕಾಡಿದ್ದು ಬೇರೆ ಸಂಗತಿ. ಕಾಕಾನನ್ನು ಕಾಯುತ್ತಿರುವ ವಾದ ಯಾವುದು? ‘ಇದು ಯಾವ ಮೇಸ್ತ್ರಿಗಾದರೂ ಹೊಳೆಯುತ್ತದೆ’ ಎಂಬುದು. ನಾಳೆ ಕಾಕಾ ತಾವೇ ಏನಾದರೂ ಮಾಡಿ ಪೇಟೆಂಟ್ ಕೇಳಿದರೆ ಅವರನ್ನು ತಡೆಯುವ ವಾದವೂ ಅದೇ. ‘ಕಸುಬುದಾರನ ಶಕ್ತಿಗೆ ಮೀರಿದ್ದಲ್ಲ’ ಎಂಬ ಮಾತಿನಲ್ಲಿ ಕಸುಬುದಾರನ ಶಕ್ತಿ ಎಷ್ಟೆಂದು ಅಳೆಯುವವರು ಯಾರು? ಮಿರ್ಜಾಪುರದ ತೀರ್ಪಿನಲ್ಲೇ ಸಮರ್ಥ ಕಸುಬುದಾರ ಅಥವಾ ಎಂಜಿನಿಯರ್ ಬೇರೆ, ಬರೀ ಕೈಕೆಲಸದವನು ಬೇರೆ ಎಂಬ ಗೆರೆ ಇದೆ. ಶಾಲೆ ಬಿಟ್ಟು ಹದಿನಾಲ್ಕನೇ ವಯಸ್ಸಿಗೆ ಕುಲುಮೆ ಹಿಡಿದ ಕಾಕಾ ಆ ಗೆರೆಯ ಯಾವ ಕಡೆ?

ಯೋಚಿಸಿದರೆ ಇದರಲ್ಲಿ ಅವಮಾನ ಇಲ್ಲ ಅನ್ನಿಸುತ್ತದೆ. ಕಸುಬುದಾರನ ಸಹಜ ಶಕ್ತಿ ದೊಡ್ಡದು ಎಂದು ಒಪ್ಪಿದಷ್ಟೂ ಬೇಲಿ ಹಾಕುವವರಿಗೆ ಜಾಗ ಕಡಿಮೆ. ಕಾಕಾನಂಥವರ ಬುದ್ಧಿಯನ್ನು ಕಡಿಮೆ ಎಣಿಸಿದ ದಿನ, ಅವರು ದಿನಾ ಮಾಡುವ ಸಣ್ಣ ಸಣ್ಣ ಜೋಡಣೆಗಳ ಮೇಲೆಲ್ಲ ಯಾರೋ 20 ವರ್ಷದ ಹಕ್ಕು ಬರೆಸಿಕೊಳ್ಳುತ್ತಾರೆ.

ಆ ಗೆರೆ ದಾಟಿದ ಹಳ್ಳಿಯವರೂ ಇದ್ದಾರೆ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್‌ಸುಖ್‌ಭಾಯಿ ಜಗಾನಿ ಬುಲೆಟ್ ಬೈಕಿನ ಹಿಂದಿನ ಚಕ್ರ ತೆಗೆದು ಅಲ್ಲಿ ಬೇಸಾಯದ ಸಲಕರಣೆ ಕೂರಿಸುವ ಜೋಡಣೆ ಮಾಡಿದರು. ಬೈಕೂ ಹಳೆಯದು, ಕುಂಟೆಯೂ ಹಳೆಯದು. ನ್ಯಾಷನಲ್ ಇನ್ನೊವೇಶನ್ ಫೌಂಡೇಶನ್ ನೆರವಿನಿಂದ ಅದಕ್ಕೆ ಭಾರತದಲ್ಲೂ ಅಮೆರಿಕದಲ್ಲೂ ಪೇಟೆಂಟ್ ಸಿಕ್ಕಿತು. ನಮ್ಮ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆ ಬೀಜ ಬೇರ್ಪಡಿಸುವುದರಿಂದ ಹಿಡಿದು ಬಿತ್ತನೆಯವರೆಗೆ ಯಂತ್ರ ಮಾಡುತ್ತ ಬಂದು 2022ರಲ್ಲಿ ಪದ್ಮಶ್ರೀ ಪಡೆದರು. ಕಸುಬು ಒಂದು ಹೆಜ್ಜೆ ಮುಂದೆ ಹೋಗುವುದು ಇಂಥವರ ಅಂಗಳದಲ್ಲೇ.

ಇನ್ನು ನಮ್ಮ ಕೆಲಸದ ಮಾತು. ‘ರೈತನ ಆವಿಷ್ಕಾರ’ ಬರೆಯುವ ನಾವು ಈ ಕತೆಯ ಹೊರಗಿಲ್ಲ. ಪೇಟೆಂಟ್ ಅರ್ಜಿ ಹಾಕುವ ಮುಂಚೆ ಯಂತ್ರದ ಒಳಗುಟ್ಟು ಪತ್ರಿಕೆಯಲ್ಲಿ ಬಂದರೆ, ಆ ಸುದ್ದಿಯೇ ‘ಮೊದಲೇ ಗೊತ್ತಿತ್ತು’ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಮಾಡಿದವರು ತಮ್ಮ ಹಕ್ಕನ್ನು ಕಳೆದುಕೊಳ್ಳಬಹುದು. ಕೃಷಿ ಮೇಳದಲ್ಲಿ ತೋರಿಸಿದರೂ ಇದೇ ಅಪಾಯ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಕ್ಕಾದರೆ ಮಾತ್ರ ಹನ್ನೆರಡು ತಿಂಗಳ ರಿಯಾಯಿತಿ. ಆದ್ದರಿಂದ ನಾನು ಕ್ಯಾಮೆರಾ ತೆಗೆಯುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ: “ಇದಕ್ಕ ಪೇಟೆಂಟ್ ಮಾಡಸೋ ವಿಚಾರ ಐತೇನ್ರಿ?” ಇದೆ ಎಂದರೆ, ಮೊದಲು ತಾತ್ಕಾಲಿಕ ಅರ್ಜಿಯನ್ನಾದರೂ ಹಾಕಿ ಎಂದು ಹೇಳುತ್ತೇನೆ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಲು ಸರ್ಕಾರಿ ಶುಲ್ಕ ₹1,600. ಏಜೆಂಟರ ಖರ್ಚು ಬೇರೆ. ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈ ಕಚೇರಿಗೆ. ಅಲ್ಲಿಯವರೆಗೆ ಸುದ್ದಿ ಕಾಯಲಿ, ಅದೇನು ಹಳಸುವುದಿಲ್ಲ.

ಪೇಟೆಂಟಿನ ಯೋಚನೆ ಇಲ್ಲ, ಎಲ್ಲರೂ ಮಾಡಿಕೊಳ್ಳಲಿ ಎನ್ನುವವರು ನಮ್ಮಲ್ಲಿ ಹೆಚ್ಚು. ಅವರ ಸುದ್ದಿಯನ್ನು ಪೂರ್ತಿಯಾಗಿ ಬರೆಯಬೇಕು. ನಾವು ಸಾಮಾನ್ಯವಾಗಿ ಬರೆಯುವುದು ಅವರ ಬಡತನ, ಓದು ಬಿಟ್ಟ ಕತೆ, ಊರವರ ಹೊಗಳಿಕೆ. ಯಂತ್ರದ ಬಗ್ಗೆ ಒಂದೇ ಸಾಲು. ಕೊಳವೆ ಹಿಂದಿದೆಯೋ ಮುಂದಿದೆಯೋ, ಗಾಲಿ ಯಾವುದಕ್ಕೆ ಕೂಡಿದೆ, ಎಷ್ಟು ಇಂಚು ಅಂತರ, ಹೀಗೇ ಯಾಕೆ ಇಟ್ಟರು, ಬೇರೆ ರೀತಿ ಇಟ್ಟಾಗ ಏನಾಯಿತು, ಇವೆಲ್ಲ ಬರಬೇಕು. ಪಕ್ಕದಿಂದ, ಕೆಳಗಿನಿಂದ ತೆಗೆದ ಎರಡು ಸ್ಪಷ್ಟ ಫೋಟೊ ಬರಬೇಕು. ಮಾಡಿದವರ ಮುಖ ಎಷ್ಟು ಮುಖ್ಯವೋ ಕುಡದ ಹಿಂದಿನ ಕೊಳವೆಯ ಬಾಯಿಯೂ ಅಷ್ಟೇ ಮುಖ್ಯ.

ಪತ್ರಿಕೆಯ ಮೇಲ್ತುದಿಯಲ್ಲಿ ದಿನಾಂಕ ಅಚ್ಚಾಗಿರುತ್ತದೆ. ಬಿಲ್ ಪುಸ್ತಕ ಇಡದ, ಡ್ರಾಯಿಂಗ್ ಬರೆಯದ ಸಾವಿರಾರು ಅಂಗಡಿಗಳ ಪರವಾಗಿ ದಿನಾಂಕ ಸಮೇತ ದಾಖಲೆ ಇಡಬಲ್ಲವರು ಸದ್ಯಕ್ಕೆ ನಾವೇ. ಹತ್ತು ವರ್ಷದ ನಂತರ ಯಾರೋ ಒಬ್ಬರು ‘ಇದು ನನ್ನದು’ ಎಂದು ಬಂದಾಗ, ಹಳೆ ಪತ್ರಿಕೆಯ ಎರಡು ಕಾಲಂ ಸುದ್ದಿಯೊಂದು ಒಂದು ಅಂಗಡಿಯನ್ನು ಉಳಿಸಬಹುದು. ಮುಂದಿನ ಸಲ ಇಂಥ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಳತೆ ಟೇಪ್ ಇಟ್ಟುಕೊಂಡು ಹೋಗಿ.